ಗುಣವಾಯಿತೆಂದರೆ ನಂಬದ ವೈದ್ಯೆ

ತಲೆಬುರುಡೆಯನ್ನು ತೆರೆಯದೆ, ಸೂಜಿಯನ್ನೂ ಚುಚ್ಚದೆ, ಹೊರಗಿನಿಂದಲೇ ಅಯಸ್ಕಾಂತದ ಮಿಡಿತಗಳನ್ನು ಕಳುಹಿಸಿ ಮೆದುಳಿನ ಕೆಲಸವನ್ನು ತಿದ್ದಲು ನೋಡುವ ಚಿಕಿತ್ಸೆಯೊಂದಿದೆ. ಖಿನ್ನತೆಗೆ ಅದನ್ನು ಬಳಸುವ ವೈದ್ಯರು ಈಗ ಅನೇಕರಿದ್ದಾರೆ. ಆದರೆ ಹೆತ್ತವರಿಂದ ಮಕ್ಕಳಿಗೆ ಇಳಿದುಬಂದು, ನಡಿಗೆಯನ್ನೂ ಮಾತನ್ನೂ ಕೈಯ ಹಿಡಿತವನ್ನೂ ಮೆಲ್ಲಮೆಲ್ಲಗೆ ಕಸಿದುಕೊಳ್ಳುವ ಕಾಯಿಲೆಗಳಿಗೆ ಅದರಿಂದ ಪ್ರಯೋಜನವಾದೀತೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಅವಸರದ ಉತ್ತರ ಕೊಡಲು ಒಪ್ಪದೆ, ತಮ್ಮ ಸೇವಾವಧಿಯ ಕೊನೆಯ ದಶಕವನ್ನು ಅದರಲ್ಲೇ ಕಳೆದವರು ನಮ್ಮ ಥಾಣೆ, ಕಲ್ಯಾಣದ ಕಡೆ ಡಾ. ಸ್ವರ್ಣಲತಾ ನರೇಗಲ್ ಒಬ್ಬರೇ ಎಂದು ತಿಳಿದವರು ಹೇಳುತ್ತಾರೆ. ಕೆಲವರು ಇದನ್ನು ಗೌರವದಿಂದ ಹೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ಅಸಮಾಧಾನವೂ ಇರುತ್ತದೆ. ಅವರು ಬಯಸಿದ್ದ ಒಂದು ಮಾತನ್ನು ಡಾಕ್ಟರು ಹೇಳಲಿಲ್ಲ ಎಂಬುದೇ ಅದಕ್ಕೆ ಕಾರಣ.

ನಿವೃತ್ತರಾಗುತ್ತಿರುವ ಅವರ ಗೌರವಾರ್ಥ ಹೊರತರುತ್ತಿರುವ ಈ ಗ್ರಂಥಕ್ಕೆ ಲೇಖನ ಬೇಕೆಂದು ಡೊಂಬಿವಲಿಯ ಕನ್ನಡ ಬಳಗದವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಳ್ಳಲಿಲ್ಲ. ಇಂಥ ಗ್ರಂಥಗಳಲ್ಲಿ ಮೆಚ್ಚುಗೆಯ ಮಾತುಗಳಿಗೆ ಮಾತ್ರ ಜಾಗವಿರುತ್ತದೆ. ನನಗೆ ಡಾಕ್ಟರರ ಪರಿಚಯವಾದದ್ದು ಮೆಚ್ಚುಗೆಯಿಂದಲ್ಲ, ಸಂಶಯದಿಂದ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಬೇರೆ ಯಾರ ಬಗ್ಗೆಯೋ ಬರೆದಂತಾದೀತು.

ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಅವರು ಮದುವೆಯಾಗಿ ಕಲ್ಯಾಣಕ್ಕೆ ಬಂದರು. ಅಲ್ಲಿ ಸಣ್ಣದೊಂದು ಚಿಕಿತ್ಸಾಲಯದಲ್ಲಿ ಕುಳಿತು ಅಂಬರನಾಥದ ಕಾರ್ಖಾನೆಗಳಿಂದ ಬರುವ ಕಾರ್ಮಿಕರ ಬೆನ್ನುನೋವು, ಕೈ ಜೋಮುಗಳನ್ನು ಬಹುಕಾಲ ನೋಡಿದರು. ಥಾಣೆಯಲ್ಲಿ ವಾಗ್ಳೆ ಎಸ್ಟೇಟಿಗೆ ಹತ್ತಿರದ ಆಸ್ಪತ್ರೆಯೊಂದರ ನರರೋಗ ವಿಭಾಗವನ್ನು ಸೇರಿದ ಮೇಲೆ, ಅಟಾಕ್ಸಿಯಾ ಎಂಬ ಕಾಯಿಲೆಯವರು ಒಂದೇ ಮನೆಯಿಂದ ಇಬ್ಬರು ಮೂವರಾಗಿ ಬರುವುದನ್ನು ಕಂಡರು. ಇದರಲ್ಲಿ ಕಿರುಮೆದುಳು ಕ್ರಮೇಣ ಸೊರಗುತ್ತದೆ. ನಡೆಯುವವರು ಕಾಲು ಅಗಲಿಸಿ ತೂರಾಡುತ್ತಾರೆ, ಮಾತು ತೊದಲುತ್ತದೆ, ತುಂಬಿದ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ. ಕಾಯಿಲೆ ಇರುವವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ.

ಅಂಥ ಮನೆಗಳಲ್ಲಿ ನಮ್ಮದೂ ಒಂದು. ಡೊಂಬಿವಲಿ ಪೂರ್ವದಲ್ಲಿ ನನ್ನ ತಂದೆ ಜಯಶೀಲ ಮತ್ತು ಚಿಕ್ಕಪ್ಪ ಯಶ್ವಂತ್ ಇಬ್ಬರೂ ಸೇರಿ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ಕಾಪುವಿನಿಂದ ಬಂದು ಅದನ್ನು ಶುರುಮಾಡಿದ ಅಜ್ಜನಿಗೂ ಇದೇ ಕಾಯಿಲೆ ಇದ್ದಿರಬೇಕು. ಆ ಕಾಲದಲ್ಲಿ ಅದಕ್ಕೆ ಯಾರೂ ಹೆಸರಿಡಲಿಲ್ಲ. ಹೋಟೆಲಿನವನು ತೂರಾಡಿದರೆ ಕುಡಿದಿದ್ದಾನೆ ಎಂದೇ ಜನ ತಿಳಿದರು, ಅಜ್ಜ ಅದನ್ನು ಅಲ್ಲಗಳೆಯುವುದನ್ನೂ ಬಿಟ್ಟರು. ಅದೇ ನಡಿಗೆ ತಂದೆಗೆ ಬಂದಾಗ ಮುಂಬ್ರಾ ದಾಟುವ ಲೋಕಲ್ ರೈಲಿನಲ್ಲಿ ಜನ ಅವರಿಂದ ದೂರ ಸರಿದು ನಿಲ್ಲುತ್ತಿದ್ದರು. ಆಮೇಲೆ ಚಿಕ್ಕಪ್ಪನ ಕೈ ನಡುಗಲು ಶುರುವಾಯಿತು. ಮನೆಯಲ್ಲಿ ಯಾರೂ ಈ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಒಬ್ಬರ ಕಾಲನ್ನು ಒಬ್ಬರು ನೋಡುತ್ತಿದ್ದೆವು ಅಷ್ಟೆ.

ಥಾಣೆಯಲ್ಲಿ ಒಬ್ಬ ಡಾಕ್ಟರು ತಲೆಯ ಹಿಂದೆ ಯಂತ್ರ ಹಿಡಿದು ನಡಿಗೆ ಸರಿಮಾಡುತ್ತಾರೆಂಬ ಸುದ್ದಿ ಬಂದಾಗ ನಾನು ಆಗತಾನೇ ಪದವಿ ಮುಗಿಸಿದ್ದೆ. ತಂದೆಯ ಜೊತೆಗೆ ಹೋದೆ. ಡಾಕ್ಟರು ಹೆಚ್ಚು ಮಾತಾಡಲಿಲ್ಲ. ತಂದೆಯನ್ನು ವರಾಂಡದ ಉದ್ದಕ್ಕೂ ನಡೆಸಿದರು, ತಿರುಗಿಸಿದರು, ಮತ್ತೆ ನಡೆಸಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಅಷ್ಟು ಹೊತ್ತು ಸುಮ್ಮನಿರುವವರ ಬಳಿ ಮುಚ್ಚಿಡುವಂಥದ್ದು ಏನೋ ಇದೆ ಎಂದು ನನಗನ್ನಿಸಿತು. ಚಿಕಿತ್ಸೆ ಉಚಿತ ಎಂದಾಗ ಆ ಅನಿಸಿಕೆ ಬಲವಾಯಿತು. ಅರ್ಧ ಜನರಿಗೆ ನಿಜವಾದ ಮಿಡಿತ, ಉಳಿದರ್ಧಕ್ಕೆ ಬರೀ ಟಕಟಕ ಸದ್ದು, ಯಾರಿಗೆ ಯಾವುದು ಎಂದು ಯಾರಿಗೂ ತಿಳಿಸುವುದಿಲ್ಲ ಎಂದು ಅವರೇ ಬಿಡಿಸಿ ಹೇಳಿದಾಗ ನಾನು ಸುಮ್ಮನಿರಲಾಗದೆ ಕೇಳಿದೆ.

"ಅಂದರೆ ಅರ್ಧ ಜನರಿಗೆ ಮೋಸ ಮಾಡ್ತೀರಿ ಅಂತಾಯ್ತಲ್ಲ?"

"ಹೌದವಾ. ಮೊದಲ ಹೇಳಿ ಮಾಡ್ತೀವಿ" ಎಂದರು. ನಂತರ ನನ್ನನ್ನು ನೋಡಿ, "ನಿನಗ ಭಾಳ ಸಂಶಯ ಅದ. ಕೆಲಸ ಬೇಕೇನು?" ಎಂದರು.

ಅವರ ಮೇಲೆ ಕಣ್ಣಿಡಬಹುದು ಎಂದುಕೊಂಡೇ ನಾನು ಆ ಕೆಲಸ ಒಪ್ಪಿಕೊಂಡೆ. ರೋಗಿಗಳಿಗೆ ಫೋನು ಮಾಡಿ ಬರುವ ಹೊತ್ತು ತಿಳಿಸುವುದು, ಬಂದವರನ್ನು ಕೂರಿಸುವುದು ನನ್ನ ಪಾಲಿನ ಕೆಲಸ. ಚಿಕಿತ್ಸೆಯ ಕೋಣೆಯ ಹತ್ತಿರ ಮಾತ್ರ ಸುಳಿಯುವಂತಿರಲಿಲ್ಲ, ನನ್ನ ಮನೆಯವರು ಬರುವ ಹೊತ್ತಿನಲ್ಲಿ ನನಗೆ ಆಸ್ಪತ್ರೆಯ ಇನ್ನೊಂದು ಕಡೆ ಕೆಲಸ. ರೋಗಿಗಳ ಪೈಕಿ ತಂದೆ, ಚಿಕ್ಕಪ್ಪ ಇಬ್ಬರೂ ಇದ್ದುದರಿಂದ ಅದು ನ್ಯಾಯವಾದ ನಿಯಮವೇ. ಆದರೆ ಮುಚ್ಚಿದ ಬಾಗಿಲು ನ್ಯಾಯವಾಗಿದ್ದರೂ ಮುಚ್ಚಿದ ಬಾಗಿಲೇ. ಒಳಗೆ ಅಂಬಾದಾಸ ಎಂಬ ತಂತ್ರಜ್ಞರು ಯಂತ್ರ ನಡೆಸುತ್ತಿದ್ದರು. ಪ್ರತಿ ರೋಗಿಗೂ ಒಂದು ಕಾರ್ಡು ಇತ್ತು. ಅದನ್ನು ಯಂತ್ರದೊಳಗೆ ತೂರಿಸಿದರೆ ನಿಜವಾದ ಮಿಡಿತವೋ ಬರೀ ಸದ್ದೋ ಎಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಅಂಬಾದಾಸರಿಗೂ ಅದು ಗೊತ್ತಾಗುತ್ತಿರಲಿಲ್ಲ.

ಡಾಕ್ಟರರ ಇನ್ನೊಂದು ರೂಢಿ ನನ್ನ ಸಂಶಯವನ್ನು ಹೆಚ್ಚಿಸಿತು. ವಾರಕ್ಕೊಮ್ಮೆಯಾದರೂ ಅವರು ಹೇಳದೆ ಕೇಳದೆ ಆಸ್ಪತ್ರೆಯಿಂದ ಮಾಯವಾಗುತ್ತಿದ್ದರು. ಒಂದು ಸಂಜೆ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೂಲೆಯಲ್ಲಿ, ಮುಖಕ್ಕೆ ಮಾಸ್ಕು, ತಲೆಗೆ ಸೆರಗು ಹೊದ್ದು, ಯಾರನ್ನೋ ಕಾಯುತ್ತಿರುವಂತೆ ಅವರು ನಿಂತಿದ್ದುದನ್ನು ಕಂಡೆ. ಯಂತ್ರವನ್ನು ಮಾರುವ ಕಂಪನಿಯ ಪ್ರತಿನಿಧಿಯನ್ನು ಗುಟ್ಟಾಗಿ ಕಾಣಲು ಬಂದಿದ್ದಾರೆ ಎಂದುಕೊಂಡು ನಾನು ಕಂಬದ ಹಿಂದೆ ನಿಂತೆ. ಯಾರೂ ಬರಲಿಲ್ಲ. ನಮ್ಮ ರೋಗಿಯೊಬ್ಬರು ಕಂಬಿ ಹಿಡಿದು ಮೆಟ್ಟಿಲಿಳಿದು ಹೋದರು. ಅವರು ಕಣ್ಮರೆಯಾಗುವವರೆಗೆ ನೋಡಿದ ಡಾಕ್ಟರು, ನಂತರ ಕಂಬದತ್ತ ತಿರುಗಿ, "ಬಾರವಾ, ಚಾ ಕುಡಿಯೂಣು. ಎಷ್ಟೊತ್ತು ನಿಂದರತಿ?" ಎಂದರು.

ಆ ಚಹಾದ ಅಂಗಡಿಯ ಮುಂದೆ ಅವರ ಕೆಲಸದ ಕ್ರಮ ನನಗೆ ತಿಳಿಯಿತು. "ವರಾಂಡದಾಗ ನಾ ನೋಡ್ಲಿಕತ್ತೀನಿ ಅಂತ ಗೊತ್ತಿದ್ರ ಎಲ್ಲಾರೂ ಛಲೋ ನಡೀತಾರ. ಡಾಕ್ಟರಗ ಬ್ಯಾಸರ ಆಗಬಾರದು ಅಂತ ನಡೀತಾರ. ಯಾರೂ ನೋಡ್ಲಿಲ್ಲಂದ್ರ ಹೆಂಗ ನಡೀತಾರ, ಅದು ನನಗ ಬೇಕು" ಎಂದರು. ಅದಕ್ಕೆ ರೋಗಿಗಳೆಲ್ಲರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದರು. ಯಾವಾಗ, ಎಲ್ಲಿ ನೋಡುತ್ತಾರೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ತರಕಾರಿ ಮಾರುಕಟ್ಟೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಕೆಳಗೆ, ಬಸ್ ನಿಲ್ದಾಣದಲ್ಲಿ ಅವರು ಹೀಗೆ ಕಾದು ನಿಲ್ಲುತ್ತಿದ್ದರು. ಗುಣವಾಯಿತೆಂದು ಕೈಮುಗಿದವರ ಹಿಂದೆಯೇ ಹೆಚ್ಚಾಗಿ ಹೋಗುತ್ತಿದ್ದರು.

ಹೀಗಿರುವಾಗ ಮೊದಲ ಸುತ್ತು ಮುಗಿಯಿತು. ಎರಡು ಗುಂಪುಗಳ ನಡುವೆ ಸ್ಪಷ್ಟ ವ್ಯತ್ಯಾಸವಿದೆ ಎಂದು ಲೆಕ್ಕ ನೋಡುವವರು ತಿಳಿಸಿದರು. ಯಾರು ಯಾವ ಗುಂಪಿನವರೆಂದು ಬಿಟ್ಟುಕೊಡಲಿಲ್ಲ. ಆದರೆ ಎಲ್ಲರಿಗಿಂತ ಚೆನ್ನಾಗಿ ಸುಧಾರಿಸಿದ್ದು ನನ್ನ ತಂದೆ ಎಂಬುದು ವರಾಂಡದಲ್ಲಿ ನಿಂತವರಿಗೆಲ್ಲ ಕಾಣುತ್ತಿತ್ತು. ಆಸ್ಪತ್ರೆಯ ಆಡಳಿತದವರು ಸಂತೋಷಪಟ್ಟರು. ಯಂತ್ರವನ್ನು ಕಂಪನಿಯವರು ಪರೀಕ್ಷೆಗೆಂದು ಕೊಟ್ಟಿದ್ದರಷ್ಟೇ. ಫಲಿತಾಂಶ ಒಳ್ಳೆಯದಾದರೆ ಅದು ಇಲ್ಲೇ ಉಳಿಯುತ್ತಿತ್ತು, ನವಿ ಮುಂಬಯಿಯಲ್ಲಿ ದೊಡ್ಡ ಕೇಂದ್ರವೊಂದು ತೆರೆಯುತ್ತಿತ್ತು, ಮೊದಲ ಸುತ್ತಿನವರಿಗೆ ಅಲ್ಲಿ ಜೀವನವಿಡೀ ಚಿಕಿತ್ಸೆ ಸಿಗುತ್ತಿತ್ತು. ಒಳ್ಳೆಯದಾಗದಿದ್ದರೆ ಯಂತ್ರ ಹೋಗುತ್ತಿತ್ತು. ತಂದೆ ಇದನ್ನೆಲ್ಲ ತಿಳಿದಿದ್ದರು. "ಈ ಯಂತ್ರ ಇದ್ದರೆ ನಾನು ಗೋಡೆ ಹಿಡಿಯದೆ ಸಾಯ್ತೇನೆ" ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಡಾಕ್ಟರು ಮಾತ್ರ ಆ ಸಂತೋಷದಲ್ಲಿ ಸೇರಲಿಲ್ಲ. ಎರಡನೆಯ ಸುತ್ತಿನ ಚಿಕಿತ್ಸೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನನ್ನನ್ನು ಕರೆದು, "ನಿಮ್ಮಪ್ಪಾರು ಇಷ್ಟು ಛಲೋ ಆಗಬಾರದಿತ್ತು. ನಡಿ, ಡೊಂಬಿವಲಿಗೆ ಹೋಗೂಣು. ಅವರು ಚಿಕಿತ್ಸಾ ಮುಗಿಸಿ ಹೋಟೆಲಿಗೆ ಬರೂದನ್ನ ನೋಡೂಣು" ಎಂದರು. ನನಗೆ ಸಿಟ್ಟು ಬಂತು. ಯಾರ ತಂದೆಯಾದರೂ ಗುಣವಾದರೆ ಅದಕ್ಕೂ ಈ ಹೆಂಗಸು ಅಡ್ಡ ನಿಲ್ಲುತ್ತಾರಲ್ಲ ಎಂದುಕೊಂಡೆ.

ಹೋಟೆಲಿನ ಬಾಗಿಲಲ್ಲೇ ನಾವಿಬ್ಬರೂ ನಿಂತುಬಿಟ್ಟೆವು. ಆ ಹೊತ್ತಿಗೆ ಥಾಣೆಯಲ್ಲಿ ಯಂತ್ರದ ಕೆಳಗೆ ಕೂತಿರಬೇಕಾಗಿದ್ದ ತಂದೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹಾಲಿನವನ ಜೊತೆ ಜಗಳವಾಡುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಲಿಲ್ಲ. ಖುಷಿಯಿಂದ ಎದ್ದು ನಿಂತರು.

"ಬನ್ನಿ ಡಾಕ್ಟ್ರೇ, ಬನ್ನಿ. ಎಂತ ತಗೊಳ್ತೀರಿ?"

"ನೀವು ಈಗ ಥಾಣೆದಾಗ ಇರಬೇಕಿತ್ತಲ್ರೀ?"

"ತಮ್ಮ ಹೋಗಿದ್ದಾನೆ. ಇವತ್ತು ಹಾಲಿನವನ ಹತ್ರ ಮಾತಾಡ್ಲಿಕ್ಕಿತ್ತು. ನೀವೇ ಹೇಳಿದ್ದಲ್ವಾ, ಒಂದು ದಿನವೂ ತಪ್ಪಿಸ್ಬಾರ್ದು ಅಂತ. ಅದಕ್ಕೆ ಅವನನ್ನು ಕಳಿಸಿದ್ದು. ಕಾರ್ಡು ನನ್ನದೇ ಕೊಟ್ಟಿದ್ದೇನೆ, ಅದರಲ್ಲೇನೂ ತಪ್ಪಿಲ್ಲ."

"ಕಾರ್ಡು ನಿಮ್ಮದು. ತಲಿ ಯಾರದು?"

"ತಲೆ ಅವನದ್ದು" ಎಂದು ತಂದೆ ಯೋಚಿಸದೆ ಹೇಳಿದರು. "ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಲ್ವಾ ನಾವು. ಕಾಯಿಲೆಯೂ ಒಂದೇ."

ಹೋಟೆಲಿನವರ ಲೋಕವನ್ನು ಬಲ್ಲವರಿಗೆ ಇದು ಅರ್ಥವಾದೀತು. ಅಲ್ಲಿ ಪಾಳಿ ಖಾಲಿ ಬಿಡುವಂತಿಲ್ಲ. ಅಣ್ಣ ಬರದಿದ್ದರೆ ತಮ್ಮ, ತಮ್ಮ ಬರದಿದ್ದರೆ ಅಣ್ಣ, ಒಟ್ಟಿನಲ್ಲಿ ಒಬ್ಬರು ಇರಬೇಕು. ಒಂದು ಪಾಳಿಯೂ ತಪ್ಪಬಾರದು ಎಂಬ ಡಾಕ್ಟರರ ಕಟ್ಟಪ್ಪಣೆಯನ್ನು ಅವರಿಬ್ಬರೂ ತಮಗೆ ಗೊತ್ತಿದ್ದ ರೀತಿಯಲ್ಲಿ, ಶ್ರದ್ಧೆಯಿಂದ, ಮೊದಲ ಸುತ್ತಿನಿಂದಲೂ ಪಾಲಿಸಿಕೊಂಡು ಬಂದಿದ್ದರು. ಅದು ಎಲ್ಲರ ಮುಖದ ಮೇಲೂ ಮಾಸ್ಕು ಇದ್ದ ಕಾಲ. ಮಧ್ಯಾಹ್ನ ಥಾಣೆಯಿಂದ ಮರಳಿದ ಚಿಕ್ಕಪ್ಪನನ್ನು ಕೇಳಿದಾಗ ಅವರು ನಕ್ಕರು. "ಅಂಬಾದಾಸನಿಗೆ ಮಾಸ್ಕು ಹಾಕಿದ ಶೆಟ್ರೆಲ್ಲ ಒಂದೇ ಡಾಕ್ಟ್ರೇ. ನನಗೆ 'ಜಯಶೀಲ್ ಭಾವು, ಬಸಾ' ಅಂತಾನೆ, ನಾನು ಕೂತ್ಕೊಳ್ತೇನೆ."

ಡಾಕ್ಟರು ನಗಲಿಲ್ಲ, ರೇಗಲೂ ಇಲ್ಲ. ಎಷ್ಟು ಸಲ ಹೀಗೆ ಅದಲುಬದಲಾಯಿತು ಎಂದು ಕೇಳಿದರು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ನೆನಪಿರಲಿಲ್ಲ. ಸ್ವಂತ ಗಲ್ಲಾದಲ್ಲಿ ಯಾವ ದಿನ ಯಾರು ಕೂತರೆಂಬುದನ್ನು ಯಾರು ನೆನಪಿಡುತ್ತಾರೆ?

"ಹಂಗಿದ್ರ ನಿಮ್ಮಿಬ್ಬರನ್ನೂ ಲೆಕ್ಕದಿಂದ ತಗೀಬೇಕಾಗ್ತದ" ಎಂದರು ಡಾಕ್ಟರು. "ನಿಮ್ಮನ್ನ ತಗದ್ರ ಉಳಿದ ಲೆಕ್ಕ ನಿಲ್ಲೂದಿಲ್ಲ ಅಂತ ಅನಸ್ತದ."

"ಯಂತ್ರ?"

"ಹೋಗ್ತದ."

ತಂದೆಯ ಮುಖದಲ್ಲಿದ್ದ ನಗು ಆಗ ಆರಿತು. "ಡಾಕ್ಟ್ರೇ, ಗುಣ ಆದದ್ದು ನಿಜ ಅಲ್ವಾ? ಯಾರ ಕಾರ್ಡು, ಯಾರ ತಲೆ, ಎಂತದೇ ಇರಲಿ. ನಾನು ನಡೀತಿದ್ದೇನೆ. ನಿಮಗೆ ಕಾಣುದಿಲ್ವಾ?"

"ಕಾಣ್ತದರೀ. ಯಾಕ ಅಂತ ಕಾಣೂದಿಲ್ಲ."

ಲೆಕ್ಕ ನೋಡುವವರು ಇಬ್ಬರನ್ನೂ ಬಿಟ್ಟು ಮತ್ತೆ ನೋಡಿದರು. ವ್ಯತ್ಯಾಸ ನಿಲ್ಲಲಿಲ್ಲ. ಆಡಳಿತದವರ ಸಭೆಯಲ್ಲಿ ಏನು ನಡೆಯಿತೆಂದು ನಾನು ಕಣ್ಣಾರೆ ನೋಡಿಲ್ಲ. ಹೋಟೆಲಿನವರಿಬ್ಬರು ಕೆಲವು ದಿನ ಅದಲುಬದಲಾದದ್ದನ್ನು ಯಾರು ಕೇಳುತ್ತಾರೆ ಮೇಡಂ ಎಂದು ಒಬ್ಬರು ಅಂದರಂತೆ. ಡಾಕ್ಟರು ಆ ಪ್ರಶ್ನೆಗೆ ಉತ್ತರಿಸದೆ, ಇನ್ನೊಬ್ಬರು ಮಾತು ಬದಲಿಸುವವರೆಗೂ ಸುಮ್ಮನೆ ಕೂತಿದ್ದರಂತೆ. ಅವರ ಆ ಮೌನದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲವೆಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಾಗದವರ ಮೌನ ಅದು. ಯಂತ್ರ ಹೋಯಿತು. ನವಿ ಮುಂಬಯಿಯ ಕೇಂದ್ರ ತೆರೆಯಲಿಲ್ಲ. ನಮ್ಮ ಮನೆಯಲ್ಲಿ ಕೆಲವು ತಿಂಗಳು ಅವರ ಹೆಸರೆತ್ತುವಂತಿರಲಿಲ್ಲ. "ನಿನ್ನ ಡಾಕ್ಟ್ರು ಬೇರೆಯವರ ಹಸಿವನ್ನೂ ನಂಬ್ಲಿಕ್ಕಿಲ್ಲ" ಎಂದು ಅಮ್ಮ ಲೋಲಾಕ್ಷಿ ನನಗೆ ಚುಚ್ಚುತ್ತಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ತಂದೆ ಮತ್ತೆ ಗೋಡೆ ಹಿಡಿದರು. ನಾನು ಆ ಸುದ್ದಿಯನ್ನು ಆರೋಪದಂತೆ ಡಾಕ್ಟರರ ಮುಂದಿಟ್ಟೆ. ಯಂತ್ರ ಹೋಯಿತು, ನಡಿಗೆಯೂ ಹೋಯಿತು, ಇದಕ್ಕಿಂತ ಪುರಾವೆ ಬೇಕೇ ಎಂದು ಕೇಳಿದೆ. ಅವರು ಅದನ್ನೂ ನಂಬಲಿಲ್ಲ. "ಆಸೆ ಹೋದ್ರೂ ಕಾಲು ಹೋಗ್ತಾವವಾ" ಎಂದರು. ಆದರೆ ಅಂದಿನಿಂದ ಪ್ರತಿ ಶನಿವಾರ ಅವರು ನಮ್ಮ ಹೋಟೆಲಿಗೆ ಬಂದು ಮೂಲೆಯ ಮೇಜಿನಲ್ಲಿ ಕೂರತೊಡಗಿದರು. ತಂದೆ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಡಾಕ್ಟರು ಇಡ್ಲಿ ತಿಂದು, ಅವರ ಕಾಲು ನೋಡಿ, ಹೋಗುತ್ತಿದ್ದರು. ಯಾರೋ ತಮ್ಮನ್ನು ಇಷ್ಟು ಗಮನವಿಟ್ಟು ನೋಡುತ್ತಿದ್ದಾರೆ ಎಂಬುದಕ್ಕೋ ಏನೋ, ಕೆಲವು ವಾರಗಳಲ್ಲಿ ತಂದೆ ಅವರಿಗಾಗಿ ಕಾಯತೊಡಗಿದರು. ಗಲ್ಲಾದ ಹತ್ತಿರದ ಗೋಡೆಗೆ ಕಂಬಿ ಹಾಕಿಸಿ ಎಂದು ಡಾಕ್ಟರು ಹೇಳಿದಾಗ ಮರುದಿನವೇ ಹಾಕಿಸಿದರು.

ಎರಡು ವರ್ಷ ಓಡಾಡಿ, ಅರ್ಜಿಗಳ ಮೇಲೆ ಅರ್ಜಿ ಹಾಕಿ, ಧರ್ಮಾರ್ಥ ಸಂಸ್ಥೆಯೊಂದನ್ನು ಒಪ್ಪಿಸಿ, ಡಾಕ್ಟರು ಮತ್ತೊಂದು ಯಂತ್ರ ತಂದರು. ಯಾರಿಗೂ ಮಾರುವ ಉದ್ದೇಶವಿಲ್ಲದ ಯಂತ್ರ. ಪ್ರಯೋಗ ಮೊದಲಿನಿಂದ ಆರಂಭವಾಯಿತು. ಈ ಸಲ ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೆ ಕರೆಸಿ, ಒಬ್ಬರದಾದ ಕೂಡಲೇ ಇನ್ನೊಬ್ಬರಿಗೆ ಪಾಳಿ ಕೊಟ್ಟರು. ಮಾಸ್ಕಿನ ಕಾಲ ಮುಗಿದಿದ್ದರೂ ಕೂರಿಸುವ ಮೊದಲು ಪ್ರತಿ ದಿನ ತಾವೇ ಬಂದು ಮುಖ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೆ ಥಾಣೆಗೆ ಹೋದರೆ ಗಲ್ಲಾ ನೋಡುವವರು ಯಾರು ಎಂಬ ಪ್ರಶ್ನೆ ಎದ್ದಾಗ ಅಮ್ಮ ಹೋಗಿ ಕೂತಳು. ಈಗಲೂ ಅವಳೇ ಕೂರುತ್ತಾಳೆ, ಬಿಟ್ಟುಕೊಟ್ಟಿಲ್ಲ.

ಡಾಕ್ಟರು ನಿವೃತ್ತರಾಗುವ ತಿಂಗಳಲ್ಲಿ ಆ ಪ್ರಯೋಗದ ಲೆಕ್ಕ ತೆರೆಯಿತು. ನಿಜವಾದ ಮಿಡಿತ ಪಡೆದವರ ಗುಂಪು ಸ್ವಲ್ಪ ಹೆಚ್ಚು ಸುಧಾರಿಸಿತ್ತು. ಚಿಕಿತ್ಸೆ ನಿಂತ ಮೇಲೆ ಕೆಲವು ವಾರಗಳಲ್ಲಿ ಆ ಲಾಭ ಕರಗುತ್ತಿತ್ತು. ತಂದೆಯ ಕಾರ್ಡು ನಿಜದ್ದು, ಚಿಕ್ಕಪ್ಪನದು ಬರೀ ಸದ್ದಿನದು. ವಿಭಾಗದ ಕೊಠಡಿಯಲ್ಲಿ ಚಪ್ಪಾಳೆ ತಟ್ಟಲು ಕೈಯೆತ್ತಿದವರಿಗೆ ಡಾಕ್ಟರು ಸುಧಾರಿಸಿತ್ತು ಎಂಬ ವಾಕ್ಯವನ್ನೂ ಲಾಭ ಕರಗುತ್ತಿತ್ತು ಎಂಬ ವಾಕ್ಯವನ್ನೂ ಒಂದೇ ದನಿಯಲ್ಲಿ ಓದಿ ಹೇಳಿದರು. ಚಪ್ಪಾಳೆ ಸಣ್ಣದಾಗಿಯೇ ಬಂತು.

ಮರುದಿನ ಶನಿವಾರ. ಅವರು ಹೋಟೆಲಿಗೆ ಬಂದಾಗ ತಂದೆ ಕೇಳಿದರು.

"ಹಾಗಾದ್ರೆ ನನಗೆ ಗುಣ ಆದದ್ದು ಹೌದಾ ಅಲ್ವಾ, ಡಾಕ್ಟ್ರೇ? ಈಗಾದ್ರೂ ಹೇಳಿ."

ಡಾಕ್ಟರು ಬಹಳ ಹೊತ್ತು ಸುಮ್ಮನಿದ್ದರು. ತಂದೆ ಆ ಮೌನಕ್ಕೆ ಅಡ್ಡ ಬರದೆ ಕಾದರು.

"ಎಲ್ಲಾರದೂ ಕೂಡಿಸಿ ನೋಡಿದ್ರ ಸ್ವಲ್ಪ ಅದ. ನಿಮ್ಮೊಬ್ಬರದು ಅಂತ ಹೇಳ್ಲಿಕ್ಕೆ ಬರೂದಿಲ್ಲ."

ತಂದೆ ತಲೆಯಾಡಿಸಿದರು. ಒಳಗೆ ಹೋಗಿ, ಹುಡುಗರನ್ನು ತಡೆದು, ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು ತಾವೇ ಎತ್ತಿಕೊಂಡರು. ಕಂಬಿ ಹಿಡಿಯಲು ಕೈ ಖಾಲಿ ಇರಲಿಲ್ಲ. ಅಮ್ಮ ಗಲ್ಲಾದಿಂದ ಏಳಲು ಹೋಗಿ ಮತ್ತೆ ಕೂತಳು. ಮೂಲೆಯ ಮೇಜನ್ನು ಮುಟ್ಟುವಷ್ಟರಲ್ಲಿ ಬಸಿಯಲ್ಲಿ ಒಂದಿಷ್ಟು ಚಹಾ ನಿಂತಿತ್ತು.

"ಚೆಲ್ಯದ" ಎಂದರು ಡಾಕ್ಟರು.

"ಮೊದಲು ಪೂರ್ತಿ ಚೆಲ್ತಿತ್ತು."

"ಮೊದಲ ನೀವು ತರತಿರಲಿಲ್ಲರೀ."

ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಡಾಕ್ಟರೂ ನಕ್ಕರು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. ಡಾಕ್ಟರು ಕಪ್ಪಿನ ಚಹಾ ಮುಗಿಸಿ, ಬಸಿಯಲ್ಲಿದ್ದುದನ್ನೂ ಕುಡಿದರು.

ಈ ಕಾಯಿಲೆ ನನಗೂ ಇಳಿದುಬಂದಿದೆಯೇ ಎಂದು ತಿಳಿಸುವ ರಕ್ತದ ಪರೀಕ್ಷೆಯನ್ನು ನಾನಿನ್ನೂ ಮಾಡಿಸಿಲ್ಲ. ಮಾಡಿಸು ಎಂದು ಅವರು ಒಮ್ಮೆಯೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ನಾನು ಮೆಟ್ಟಿಲಿಳಿಯುವಾಗ ಅವರ ಕಣ್ಣು ನನ್ನ ಕಾಲಿನ ಮೇಲಿರುವುದು ನನಗೆ ಗೊತ್ತು. ಅದನ್ನು ನಾನು ಗಮನಿಸಿದ್ದೇನೆಂದು ಅವರಿಗೂ ಗೊತ್ತು. ಸ್ವಲ್ಪವನ್ನು ಬಹಳ ಎಂದು ಹೇಳುವವರು ನಮ್ಮಂಥ ಮನೆಗಳನ್ನು ಹುಡುಕಿಕೊಂಡು ಬರುತ್ತಲೇ ಇರುತ್ತಾರೆ, ನಾವು ಬಾಗಿಲು ತೆರೆಯುತ್ತಲೇ ಇರುತ್ತೇವೆ. ಡಾ. ಸ್ವರ್ಣಲತಾ ನರೇಗಲ್ ಅವರು ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ವಿಭಾಗಕ್ಕೆ ಬಂದು ಕಿರಿಯರಿಗೆ ಕಲಿಸಲು ಒಪ್ಪಿದ್ದಾರೆ. ಅವರ ಆರೋಗ್ಯ ಗಟ್ಟಿಯಾಗಿರಲಿ, ಆಯುಸ್ಸು ನೀಳವಾಗಿರಲಿ, ಆ ಸ್ವಲ್ಪವು ಅವರ ಕಣ್ಣೆದುರಿಗೇ ಇನ್ನೂ ಸ್ವಲ್ಪ ಬೆಳೆಯಲಿ. ಒಂದು ವೇಳೆ ನನ್ನ ಪಾಳಿ ಬಂದು, ಆ ಕುರ್ಚಿಯಿಂದ ಎದ್ದ ನಾನು ಗುಣವಾಯಿತು ಎಂದು ಹೇಳುವ ದಿನ ಬಂದರೆ, ಅದನ್ನು ನಂಬದೆ ನನ್ನ ಹಿಂದೆಯೇ ಬೀದಿಗೆ ಇಳಿದು ಬರುವಷ್ಟು ಶಕ್ತಿ ಅವರಲ್ಲಿರಲಿ.